ಹಿಟ್ಟಿನ ಕೋಳಿ, ಮರದ ವಿಮಾನ

ಬೆಂಗಳೂರಿನಲ್ಲಿಯೇ ನಿರ್ಮಾಣಗೊಂಡು 1961ರಲ್ಲಿ ಮೊದಲು ಹಾರಿದ ‘ಮಾರುತ್’ ಯುದ್ಧವಿಮಾನವು 1971ರ ಸಮರದಲ್ಲಿ ಭಾಗವಹಿಸಿತು. ರಾಜಾಜಿನಗರದ ಶ್ರಾವಕ ಯುವಕನೊಬ್ಬನು ಅದರ ಯಥಾರ್ಥ ಪ್ರತಿಕೃತಿಯನ್ನು 24ರಲ್ಲೊಂದು ಪ್ರಮಾಣದಲ್ಲಿ, ಸುಮಾರು 66 ಸೆಂಟಿಮೀಟರ್ ಉದ್ದಕ್ಕೆ, ಮರದಲ್ಲಿ ಕೆತ್ತತೊಡಗಿದನೆನ್ನೋಣ. ಇದು ಹಿಂಸೆಯೆ?

ಜನ್ನನ ‘ಯಶೋಧರ ಚರಿತೆ’ಯಲ್ಲಿ (1209) ಅರಸನು ತಾಯಿಯ ಒತ್ತಾಯಕ್ಕೆ ಬಲಿಗೊಟ್ಟುದು ಹಿಟ್ಟಿನ ಕೋಳಿಯನ್ನೇ, ಆದರೂ ಕೊಲ್ಲುವ ಸಂಕಲ್ಪವು ಅವನನ್ನು ಭವಭವಗಳಲ್ಲಿ ತೊಳಲಿಸಿತು. ಆದುದರಿಂದ ‘ಬರಿಯ ಪ್ರತಿಕೃತಿಯಲ್ಲವೆ’ ಎಂಬ ಸಮಾಧಾನ ಸಲ್ಲದು. ಬಂಧಕ್ಕೆ ಕಾರಣ ವಸ್ತುವಲ್ಲ, ಭಾವ.

ಹಾಗೆಂದು ಮೂತಿಯ ನಾಲ್ಕು 30 ಮಿ.ಮೀ. ಫಿರಂಗಿಗಳನ್ನು ಮರೆಮಾಚಿದರೆ ಸತ್ಯಕ್ಕೆ ಭಂಗ. ಅವನ್ನು ಇದ್ದಂತೆಯೇ ಕೆತ್ತಲಿ. ಆದರೆ ಗೆಲುವಿನ ಹೆಮ್ಮೆಯಿಂದಲ್ಲ, ಯುದ್ಧಕ್ಕೆ ಈಡಾದ ಜೀವಗಳ ಸ್ಮರಣೆಯಿಂದ. ಆ ಸ್ಮರಣೆ ಮಾಸಿದ ದಿನ ಉಳಿಯನ್ನು ಕೆಳಗಿಡುವುದೇ ಲೇಸು.