ಬೇರೆಯವರಿಗಾಗಿ ಬಿಟ್ಟ ಕೀಲಿ

ಕಳೆದ ಮಳೆಗಾಲದಲ್ಲಿ ಲಕ್ಷ್ಮೇಶ್ವರದ ಗೆಳೆಯ ಫೋನ್ ಮಾಡಿದ. “ನೀ ಮಾಡಿಕೊಟ್ಟದ್ದು ಚಲೋ ಐತಿ. ಆದ್ರ ನನ್ನ ಕೀ ಯಾಕ ತಗೊಂಡಿ?” ಅಂದ. ಅವನೇನು ಕೇಳುತ್ತಿದ್ದಾನೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತೇ ಹಿಡಿಯಿತು.

ನಾವಿಬ್ಬರೂ ಟೈಪ್ ಮಾಡುವುದು ಇಮ್ಯಾಕ್ಸ್ ಎಂಬ ಎಡಿಟರ್‌ನಲ್ಲಿ. ಅದರಲ್ಲಿ ಒಂದೊಂದು ಬಗೆಯ ಬರವಣಿಗೆಗೆ ಒಂದೊಂದು ‘ಮೋಡ್’ ಇರುತ್ತದೆ. ಮೋಡ್ ಬದಲಾದರೆ ಅದೇ ಕೀಲಿಗಳು ಬೇರೆ ಕೆಲಸ ಮಾಡುತ್ತವೆ. ಹಳಗನ್ನಡ ಪಠ್ಯಗಳಿಗಾಗಿ ನಾನೊಂದು ಪುಟ್ಟ ಮೋಡ್ ಬರೆದು ಗೆಳೆಯರಿಗೆ ಹಂಚಿದ್ದೆ. ಅದರಲ್ಲಿ ಕಂಟ್ರೋಲ್-ಸಿ ಒತ್ತಿ, ಆಮೇಲೆ ಡಬ್ಲ್ಯೂ ಒತ್ತಿದರೆ ಕಡತದಲ್ಲಿರುವ ಱ, ೞ ಅಕ್ಷರಗಳೆಲ್ಲ ರ, ಳ ಆಗುತ್ತಿದ್ದವು. ಪದ ಹುಡುಕಲು ನನಗದು ಅನುಕೂಲ.

ಗೆಳೆಯ ಪುಲಿಗೆರೆಯ, ಅಂದರೆ ತನ್ನೂರಿನದೇ, ಶಾಸನಗಳನ್ನು ಟೈಪ್ ಮಾಡುತ್ತಿದ್ದ. ಕಡತವನ್ನು ಸೇವ್ ಮಾಡಿ ಇನ್ನೊಂದು ಪ್ರತಿ ತೆಗೆದಿಡಲು ಅದೇ ಕೀಲಿಗಳನ್ನು ಅವನು ಬಹಳ ಹಿಂದೆಯೇ ಗೊತ್ತುಮಾಡಿಕೊಂಡಿದ್ದ. ಆದರೆ ಒಂದೇ ಕೀಲಿಗೆ ಇಬ್ಬರೂ ಕೆಲಸ ಕೊಟ್ಟಿದ್ದರೆ ನಡೆಯುವುದು ಮೋಡಿನ ಮಾತು. ಕಣ್ಣು ಶಾಸನದ ಫೋಟೋ ಮೇಲಿಟ್ಟು ಅವನು ರೂಢಿಯಂತೆ ಒತ್ತಿದ, ಅಕ್ಷರಗಳು ಬದಲಾದವು. ಮುಚ್ಚುವಾಗ ಸೇವ್ ಮಾಡಬೇಕೇ ಎಂದು ಕೇಳಿದ್ದಕ್ಕೆ ಹೌದೆಂದ. ಎರಡು ದಿನದ ಮೇಲೆ ಗೊತ್ತಾಯಿತು. ‘ಬಾೞ್’ ಎಂದರೆ ಬದುಕು, ‘ಬಾಳ್’ ಎಂದರೆ ಕತ್ತಿ. ಎರಡೂ ‘ಬಾಳ್’ ಆದ ಮೇಲೆ ಯಾವುದು ಯಾವುದಾಗಿತ್ತೆಂದು ಯಂತ್ರ ಹೇಳಲಾರದು.

ಇಮ್ಯಾಕ್ಸ್‌ನ ಲಿಸ್ಪ್ ಕೈಪಿಡಿಯಲ್ಲಿ ಇದಕ್ಕೊಂದು ನಿಯಮವಿದೆ. ಕಂಟ್ರೋಲ್-ಸಿ ಆದಮೇಲೆ ಬರುವ ಇಂಗ್ಲಿಷ್ ಅಕ್ಷರಗಳೆಲ್ಲ ಬಳಕೆದಾರರಿಗೆ ಮೀಸಲು. ಎಫ್5ರಿಂದ ಎಫ್9ರವರೆಗಿನ ಕೀಲಿಗಳೂ ಅಷ್ಟೇ. ಮೋಡ್ ಬರೆಯುವವರು ಕಂಟ್ರೋಲ್-ಸಿ ಆದಮೇಲೆ ಇನ್ನೊಂದು ಕಂಟ್ರೋಲ್ ಕೀಲಿಯನ್ನೋ ಅಂಕಿಯನ್ನೋ ಬಳಸಬೇಕು. ಆದರೆ ನಿಯಮ ಮುರಿದರೆ ತಡೆಯುವವರಿಲ್ಲ. ನನ್ನ ಮೋಡ್ ತಕರಾರಿಲ್ಲದೆ ನಡೆಯಿತು. ನಿಯಮ ನನಗೆ ಗೊತ್ತಿರಲಿಲ್ಲವೆಂದೂ ಹೇಳಲಾರೆ. ಓದಿದ್ದೆ, ಒಂದು ಕೀಲಿಗೇನು ಮಹಾ ಎಂದುಕೊಂಡಿದ್ದೆ.

ತಡೆಯಿಲ್ಲದ ನಿಯಮಕ್ಕೆ ನಾವೇಕೆ ಬದ್ಧರಾಗಬೇಕು? ಡೇವಿಡ್ ಹ್ಯೂಮ್ ಹದಿನೆಂಟನೆಯ ಶತಮಾನದಲ್ಲಿ ಕೊಟ್ಟ ಉದಾಹರಣೆ ಪ್ರಸಿದ್ಧವಾದದ್ದು: ಒಂದೇ ದೋಣಿಯಲ್ಲಿ ಹುಟ್ಟು ಹಾಕುವ ಇಬ್ಬರು ಪರಸ್ಪರ ಮಾತು ಕೊಡದಿದ್ದರೂ ಹೊಂದಿಕೊಂಡು ಹಾಕುತ್ತಾರೆ, ಏಕೆಂದರೆ ಇಬ್ಬರಿಗೂ ಅದರಿಂದ ಲಾಭ. ಕನ್ನಡದ ಕೀಲಿಮಣೆಯನ್ನು ಇದು ಚೆನ್ನಾಗಿ ವಿವರಿಸುತ್ತದೆ. ಕೆ.ಪಿ. ರಾವ್ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ಎಫ್ ಒತ್ತಬೇಕೆಂದು ಎಲ್ಲರೂ ಒಪ್ಪಿದ್ದರಿಂದ ಯಾವ ಕಂಪ್ಯೂಟರಿನ ಮುಂದೆ ಕುಳಿತರೂ ನಮ್ಮ ಬೆರಳಿಗೆ ದಾರಿ ಸಿಗುತ್ತದೆ. ಆದರೆ ಖಾಲಿ ಬಿಡುವ ಕೀಲಿಯ ವಿಷಯ ಬೇರೆ. ಅಲ್ಲಿ ಹುಟ್ಟು ಹಾಕುವವರು ಇಬ್ಬರಿಲ್ಲ. ಬಿಟ್ಟುಕೊಡುವವನು ನಾನು, ಲಾಭ ನಾನು ಕಾಣದವರಿಗೆ.

ಬಹಳ ಜನ ಆ ಕೀಲಿಗಳನ್ನು ಮುಟ್ಟುವುದೇ ಇಲ್ಲ, ಸುಮ್ಮನೆ ಯಾಕೆ ಖಾಲಿ ಬಿಡಬೇಕು ಎಂದು ಕೇಳಬಹುದು. ನಾನೂ ಹಾಗೆಯೇ ಯೋಚಿಸಿದ್ದೆ. ಆದರೆ ಯಾರು ಯಾವ ಕೀಲಿಯಲ್ಲಿ ಏನಿಟ್ಟುಕೊಂಡಿದ್ದಾರೆಂದು ಮೋಡ್ ಬರೆಯುವವನಿಗೆ ತಿಳಿಯುವ ದಾರಿಯೇ ಇಲ್ಲ. ಕೇಳಿ ತೆಗೆದುಕೊಳ್ಳಲು ಆಗದ ಕಡೆ, ತೆಗೆದುಕೊಳ್ಳದೆ ಇರುವುದೊಂದೇ ಕೇಳುವ ಬಗೆ. ಜೊತೆಗೆ ಅಲ್ಲಿ ಬಲ ಸಮವಾಗಿಲ್ಲ. ನನ್ನ ಕೀಲಿ ಅವನದನ್ನು ಮುಚ್ಚಿಬಿಡುತ್ತದೆ. ಅವನದು ನನ್ನದನ್ನು ತಾನಾಗಿ ಮುಚ್ಚದು. ನಿಯಮ ಕಟ್ಟಬೇಕಾದದ್ದು ಗೆಲ್ಲುವವನ ಕೈಯನ್ನೇ.

ನನ್ನ ಆಜ್ಞೆಯನ್ನು ಕಂಟ್ರೋಲ್-ಸಿ ಕಂಟ್ರೋಲ್-ಡಬ್ಲ್ಯೂಗೆ ಸರಿಸಿದೆ. ಒಂದೇ ಸಾಲಿನ ಬದಲಾವಣೆ. ಆಮೇಲೆ ಮುಂಡರಗಿಯಿಂದ ಲಕ್ಷ್ಮೇಶ್ವರಕ್ಕೆ ಹೋಗಿ, ಅವನು ಫೋಟೋ ನೋಡಿ ಓದುತ್ತಾ ಹೋದಂತೆ ಒಂದೊಂದೇ ೞ ಮರಳಿ ಟೈಪ್ ಮಾಡಿದೆ. ಅದಕ್ಕೆ ಮೂರು ಭಾನುವಾರ ಬೇಕಾದವು.