ಬಸ್ ಚಾರ್ಜೂ ಚಿಕಿತ್ಸೆಯೇ

ಕ್ಯಾನ್ಸರಿಗೆ ಉಚಿತ ಚಿಕಿತ್ಸೆ ಎಂದು ಸರ್ಕಾರ ಹೇಳಿದಾಗ ಆ ಚಿಕಿತ್ಸೆ ಎಲ್ಲಿಂದ ಶುರುವಾಗುತ್ತದೆ? ಕಡತದ ಪ್ರಕಾರ ಆಸ್ಪತ್ರೆಯ ಚೀಟಿ ಕೌಂಟರಿನಿಂದ. ರೋಗಿಯ ಪಾಲಿಗೆ ಮನೆಯ ಹೊಸ್ತಿಲಿನಿಂದ. ಇವೆರಡರ ನಡುವಿನ ಖರ್ಚು ಯಾರದು ಎಂಬುದು ನ್ಯಾಯದ ಪ್ರಶ್ನೆ.

ಈಗ ತೆಲಂಗಾಣದಲ್ಲಿರುವ ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳನ್ನು ನೋಡಿ. 1956ರವರೆಗೆ ಮೊದಲೆರಡು ಬೀದರ್ ಜಿಲ್ಲೆಯಲ್ಲಿ, ಮೂರನೆಯದು ಕಲಬುರಗಿ ಜಿಲ್ಲೆಯಲ್ಲಿದ್ದವು. ಕನ್ನಡದ ಮನೆಗಳು ಅಲ್ಲಿ ಈಗಲೂ ಇವೆ. ಈ ಭಾಗದ ಬಡ ರೋಗಿಗೆ ದೊಡ್ಡ ಸರ್ಕಾರಿ ಆಸರೆ ಹೈದರಾಬಾದಿನ ರೆಡ್ ಹಿಲ್ಸ್‌ನ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆ, ದೂರ ನೂರು ಕಿಲೋಮೀಟರಿನ ಆಸುಪಾಸು. ಔಷಧಿ, ಶಸ್ತ್ರಚಿಕಿತ್ಸೆಗಳ ಭಾರವನ್ನು ಸರ್ಕಾರದ ಆರೋಗ್ಯಶ್ರೀ ಯೋಜನೆ ಹೊತ್ತೀತು. ಬಸ್ಸು, ಆಟೊ, ಊಟ, ಉಳಿಯುವ ಜಾಗ, ಜೊತೆಗೆ ಬಂದವರ ಕೂಲಿ ನಷ್ಟ ಮನೆಯವರ ತಲೆಗೇ.

ಊರಿಂದೂರಿಗೆ ಹೋಗುವವರೆಲ್ಲ ತಮ್ಮ ಚಾರ್ಜು ತಾವೇ ಕೊಡುತ್ತಾರಲ್ಲ ಎನ್ನಬಹುದು. ಹೋಗದೆ ಇರಬಲ್ಲವರಿಗೆ ಆ ಮಾತು ಸರಿ. ವಿಕಿರಣ ಚಿಕಿತ್ಸೆ ಅನೇಕರಿಗೆ ವಾರಕ್ಕೆ ಐದು ದಿನದಂತೆ ಐದಾರು ವಾರ ನಡೆಯುತ್ತದೆ. ನಡುವೆ ತಪ್ಪಿದರೆ ಪರಿಣಾಮ ಕುಗ್ಗುತ್ತದೆ. ಅಷ್ಟು ಸಲ ಬನ್ನಿ ಎಂದ ವೈದ್ಯರು ಔಷಧಿಯ ಜೊತೆ ಪ್ರಯಾಣವನ್ನೂ ಬರೆದುಕೊಟ್ಟಂತಾಯಿತು. ಚಾರ್ಜಿಗೆ ಕಾಸಿಲ್ಲದೆ ತಪ್ಪಿದ ದಿನಕ್ಕೂ ಔಷಧಿ ಸಿಗದ ದಿನಕ್ಕೂ ದೇಹದ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 1979ರಲ್ಲಿ ‘ಯಾವುದರ ಸಮಾನತೆ?’ ಎಂದು ಕೇಳಿದ್ದು ಇದನ್ನೇ: ಕೈಗಿಟ್ಟದ್ದನ್ನಷ್ಟೇ ಎಣಿಸಿದರೆ ಸಾಲದು, ಅದರಿಂದ ಯಾರಿಗೆ ಏನು ಮಾಡಲು ಸಾಧ್ಯವಾಯಿತು ಎಂದೂ ನೋಡಬೇಕು.

ರಿಯಾಯಿತಿ ಇಲ್ಲವೆಂದಲ್ಲ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ನೂರಕ್ಕೆ ನೂರು, ಜೊತೆಗಾರರಿಗೆ ಶೇ. 75 ರಿಯಾಯಿತಿ ಉಂಟು. ತಾಂಡೂರು, ಜಹೀರಾಬಾದಿನಲ್ಲಿ ರೈಲು ನಿಲ್ಲುತ್ತದೆ. ನಾರಾಯಣಖೇಡಕ್ಕೆ ಹಳಿಯೇ ಇಲ್ಲ. 2023ರ ಡಿಸೆಂಬರಿನಿಂದ ತೆಲಂಗಾಣದ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ. ಹಾಗಾಗಿ ಗಂಡನನ್ನು ಆಸ್ಪತ್ರೆಗೆ ಕರೆದೊಯ್ಯುವ ಹೆಂಡತಿಗೆ ಜೀರೊ ಟಿಕೆಟ್, ರೋಗಿಯಾದ ಗಂಡನಿಗೆ ಪೂರ್ತಿ ಟಿಕೆಟ್. ಹತ್ತಿರದ ಬೀದರಿಗೆ ಹೋಗೋಣವೆಂದರೆ ಗಡಿ ದಾಟಿದ ಮೇಲೆ ಆಕೆಗೂ ಆ ಸವಲತ್ತು ಇಲ್ಲ. ಕರ್ನಾಟಕದ ಶಕ್ತಿ ಯೋಜನೆ ಅಲ್ಲಿನ ನಿವಾಸಿಗಳಿಗೆ. ವಾಹನ ನೋಡಿ, ಲಿಂಗ ನೋಡಿ, ಗಡಿ ನೋಡಿ ಕೊಟ್ಟದ್ದು ಎಷ್ಟೋ ಸಲ ಅಗತ್ಯವಿದ್ದವರ ಕೈತಪ್ಪುತ್ತದೆ. ಸ್ಕಾಟ್ಲೆಂಡ್, ವೇಲ್ಸ್ ದೇಶಗಳು 2008ರಲ್ಲೇ ಹೆಚ್ಚಿನ ಸರ್ಕಾರಿ ಆಸ್ಪತ್ರೆಗಳ ಪಾರ್ಕಿಂಗ್ ಶುಲ್ಕ ತೆಗೆದುಹಾಕಿದವು. ಕಾರೇ ಇಲ್ಲದ ನಮ್ಮ ರೋಗಿಗೆ ಅದರಿಂದ ಬೇಕಾದದ್ದು ತತ್ವ ಮಾತ್ರ: ಆಸ್ಪತ್ರೆ ತಲುಪುವುದಕ್ಕೇ ದಂಡ ಕಟ್ಟಿಸಬಾರದು.

ಕ್ಯಾನ್ಸರಿಗೆ ಮಾತ್ರ ಏಕೆ, ಡಯಾಲಿಸಿಸ್‌ನವರೇನು ಮಾಡಬೇಕು? ಈ ಆಕ್ಷೇಪ ಸರಿಯಾದದ್ದೇ. ಹಕ್ಕು ಹುಟ್ಟುವುದು ಕಾಯಿಲೆಯ ಹೆಸರಿನಿಂದಲ್ಲ. ಬಿಡಲಾಗದೆ ಮತ್ತೆ ಮತ್ತೆ ಹೋಗಬೇಕಾದ ಅನಿವಾರ್ಯದಿಂದ. ಚಿಕಿತ್ಸೆಯನ್ನೇ ಹತ್ತಿರ ತರಬೇಕೆಂಬುದೂ ನಿಜ: ರಕ್ತಪರೀಕ್ಷೆ, ಕೆಲವು ಕೀಮೊ ಜಿಲ್ಲಾ ಆಸ್ಪತ್ರೆಯಲ್ಲೇ ಆಗಬಹುದು. ವಿಕಿರಣ ಯಂತ್ರವನ್ನು ಊರೂರಿಗೆ ತರಲಾಗದು. ಪ್ರಯಾಣ ಉಳಿದೇ ಉಳಿಯುತ್ತದೆ.

ಆದ್ದರಿಂದ ಚಾರ್ಜನ್ನು ವೈದ್ಯರ ಚೀಟಿಗೆ ಜೋಡಿಸಬೇಕು. ಯಾವ ವಾಹನವಾದರೂ, ಗಡಿಯ ಯಾವ ಕಡೆಯಾದರೂ, ರೋಗಿಗೂ ಒಬ್ಬ ಜೊತೆಗಾರರಿಗೂ, ಹೊರಡುವ ಮೊದಲೇ ಸಿಗಬೇಕು. ಅಲ್ಲಿಯವರೆಗೆ ಉಚಿತ ಚಿಕಿತ್ಸೆ ಎಂಬುದು ಆಸ್ಪತ್ರೆಯ ಪಕ್ಕದಲ್ಲಿರುವವರಿಗೆ ಕೊಟ್ಟ ಮಾತು.