ಗಾಳಿ ತಗ್ಗಿದ ಮೇಲೆ

1998ರ ಅಕ್ಟೋಬರ್ 26ರಂದು ಕೆರಿಬಿಯನ್ ಸಮುದ್ರದ ಮೇಲೆ ಮಿಚ್ ಎಂಬ ಚಂಡಮಾರುತದ ಗಾಳಿ ಗಂಟೆಗೆ 285 ಕಿಲೋಮೀಟರ್ ವೇಗ ಮುಟ್ಟಿತ್ತು. ಅದು ಐದನೆಯ ದರ್ಜೆ. ಅಳತೆಪಟ್ಟಿಯಲ್ಲಿ ಅದಕ್ಕಿಂತ ಮೇಲಿನ ಮೆಟ್ಟಿಲೇ ಇಲ್ಲ. ಅಲ್ಲಿಂದ ನಾಲ್ಕು ದಿನ ಕಳೆಯುವಷ್ಟರಲ್ಲಿ ಗಾಳಿ ಸೋತಿತ್ತು. ಹವಾಮಾನ ವರದಿಗಳಲ್ಲಿ ಅದಕ್ಕೆ ಚಂಡಮಾರುತದ ಪಟ್ಟವೂ ಉಳಿದಿರಲಿಲ್ಲ, ಬರಿಯ ಬಿರುಮಳೆಯಾಗಿತ್ತು. ಹೊಂಡುರಾಸ್, ನಿಕರಾಗುವಾ ಮತ್ತು ಅಕ್ಕಪಕ್ಕದ ದೇಶಗಳಲ್ಲಿ ಸತ್ತವರ, ಕಾಣೆಯಾಗಿ ಮತ್ತೆ ಸಿಗದವರ ಸಂಖ್ಯೆ 11,000ಕ್ಕೂ ಮೇಲೆ. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಆ 285 ಕಿಲೋಮೀಟರಿನ ಗಾಳಿಯಲ್ಲ. ಅವರು ಸತ್ತದ್ದು ಕಡಲ ತೀರದಲ್ಲೂ ಅಲ್ಲ, ಒಳನಾಡಿನ ಬೆಟ್ಟಗಳ ಬುಡದಲ್ಲಿ, ಹೊಳೆಗಳ ದಂಡೆಯಲ್ಲಿ, ಗಾಳಿಯ ಹೆದರಿಕೆ ಮುಗಿಯಿತೆಂದುಕೊಂಡ ದಿನಗಳಲ್ಲಿ.

ಚಂಡಮಾರುತ ತನ್ನ ಕಾಲಿನಿಂದ ತಾನೇ ನಡೆಯುವುದಿಲ್ಲ. ಸುತ್ತಲಿನ ಮೇಲ್ಗಾಳಿ ಅದನ್ನು ತಳ್ಳಿಕೊಂಡು ಹೋಗಬೇಕು. ತಳ್ಳುವ ಗಾಳಿ ಬಲಗುಂದಿದರೆ ಅದು ಎಲ್ಲಿದೆಯೋ ಅಲ್ಲೇ ತೂಕಡಿಸುತ್ತದೆ, ಎತ್ತ ಹೊರಳುತ್ತದೆ ಎಂದು ಹೇಳುವುದೂ ಕಷ್ಟವಾಗುತ್ತದೆ. ಮಿಚ್ ಪಶ್ಚಿಮ, ವಾಯವ್ಯದ ಕಡೆಗೆ ಹೋಗುತ್ತದೆಂಬ ಲೆಕ್ಕದ ಮೇಲೆ ಬೆಲೀಜ್ ಸಿಟಿಯ ಜನರನ್ನು ತೆರವು ಮಾಡಿಸಿದರು. ಫ್ಯಾಂಟಮ್ ಎಂಬ ಪ್ರವಾಸಿ ಹಾಯಿಹಡಗು ಪ್ರಯಾಣಿಕರನ್ನು ಬೆಲೀಜಿನಲ್ಲಿ ಇಳಿಸಿ, ಬಿರುಗಾಳಿಯ ದಾರಿ ತಪ್ಪಿಸಲೆಂದು ಹೊಂಡುರಾಸಿನ ದ್ವೀಪಗಳ ಮರೆಗೆ ಹೋಯಿತು. ಚಂಡಮಾರುತ ಆ ಕಡೆಗೇ ತಿರುಗಿತು. ಹಡಗೂ ಇಲ್ಲ, ಅದರಲ್ಲಿದ್ದ 31 ಸಿಬ್ಬಂದಿಯೂ ಇಲ್ಲ. ಆಮೇಲೆ ಮಿಚ್ ಗ್ವಾನಾಹಾ ದ್ವೀಪದ ಬಳಿ ಎರಡು ದಿನಕ್ಕೂ ಹೆಚ್ಚು ಕಾಲ ಬೀಡುಬಿಟ್ಟಿತು. 29ರಂದು ಹೊಂಡುರಾಸಿನ ಉತ್ತರ ತೀರ ಹತ್ತಿತು; ಹತ್ತಿದ ಮೇಲೂ ಅವಸರ ಮಾಡಲಿಲ್ಲ. ನಿಧಾನವೇ ಪ್ರಧಾನ ಎಂದು ಹೇಳಿಕೊಂಡು ಬೆಳೆದ ನಮಗೆ ನಿಧಾನದಲ್ಲಿ ಇಂಥದೊಂದು ಗುಣವೂ ಇರಬಹುದೆಂದು ಒಪ್ಪಿಕೊಳ್ಳುವುದು ಸ್ವಲ್ಪ ಕಷ್ಟ.

ಉಳಿದ ಕೆಲಸ ಬೆಟ್ಟಗಳದ್ದು. ಇದನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಡಲಿನಿಂದ ಬಂದ ಹಸಿಗಾಳಿ ಘಟ್ಟಕ್ಕೆ ಎದುರಾಗಿ ಮೇಲೇರುತ್ತದೆ, ತಣ್ಣಗಾಗುತ್ತದೆ, ಹೊತ್ತು ತಂದದ್ದನ್ನೆಲ್ಲ ಅಲ್ಲೇ ಇಳಿಸುತ್ತದೆ. ಆಗುಂಬೆಯಲ್ಲಿ ಸುರಿದದ್ದು ಘಟ್ಟದಾಚೆಯ ಬಯಲಿಗೆ ಸಿಗುವುದಿಲ್ಲ. ಮಿಚ್‌ನ ಸುಳಿ ಎಷ್ಟು ಅಗಲವಾಗಿತ್ತೆಂದರೆ ಉತ್ತರದಲ್ಲಿ ಕೆರಿಬಿಯನ್ ನೀರನ್ನೂ ದಕ್ಷಿಣದಲ್ಲಿ ಪೆಸಿಫಿಕ್ ನೀರನ್ನೂ ಎಳೆದು ನಡುವಿನ ಬೆಟ್ಟಸಾಲಿಗೆ ಎರಡೂ ಕಡೆಯಿಂದ ಎರಚುತ್ತಿತ್ತು. ದಕ್ಷಿಣ ಹೊಂಡುರಾಸಿನ ಚೊಲುಟೆಕಾದಲ್ಲಿ ದಾಖಲಾದ ಮಳೆ 900 ಮಿಲಿಮೀಟರಿಗೂ ಮೇಲೆ. ರಾಜಧಾನಿ ತೆಗುಸಿಗಾಲ್ಪಾ ಬೆಟ್ಟಗಳ ನಡುವಿನ ಊರು, ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 1,000 ಮೀಟರ್ ಎತ್ತರದಲ್ಲಿದೆ. ಅಲ್ಲಿ ಎಲ್ ಬೆರಿಂಚೆ ಎಂಬ ಗುಡ್ಡದ ಮಗ್ಗುಲು ಮನೆಗಳ ಸಮೇತ ಜಾರಿ ಹೊಳೆಗೆ ಅಡ್ಡ ಬಿತ್ತು. ಹೊಳೆ ಹಿಂದಕ್ಕೆ ತುಂಬಿ ಪೇಟೆಯೊಳಗೆ ನಿಂತಿತು.

ನನ್ನನ್ನು ಬಹುಕಾಲ ಬಿಡದೆ ಕಾಡಿದ್ದು ಮಾತ್ರ ನಿಕರಾಗುವಾದ ಒಂದು ಘಟನೆ. ಮಿಚ್‌ನ ಕೇಂದ್ರ ಆ ದೇಶದ ನೆಲವನ್ನು ತುಳಿಯಲೇ ಇಲ್ಲ. ಆದರೆ ಪಶ್ಚಿಮದ ಪೊಸೊಲ್ಟೆಗಾ ಊರಿನ ಮೇಲ್ಗಡೆ ಕಸೀಟಾ ಎಂಬ ಹಳೆಯ ಜ್ವಾಲಾಮುಖಿ ಬೆಟ್ಟವಿದೆ. ದಿನಗಟ್ಟಲೆ ಸುರಿದ ಮಳೆಗೆ ಅಕ್ಟೋಬರ್ 30ರಂದು ಅದರ ನೆತ್ತಿಯ ಬಳಿ ಒಂದು ಮಗ್ಗುಲು ಕಳಚಿತು. ಕಲ್ಲು, ಕೆಸರು, ಮರ ಎಲ್ಲವನ್ನೂ ಬಳಿದುಕೊಂಡು ಅದು ಕೆಳಗಿನ ಎರಡು ಹಳ್ಳಿಗಳ ಮೇಲೆ ಹರಿಯಿತು. ಎಲ್ ಪೊರ್ವೆನೀರ್, ರೊಲಾಂದೊ ರೊದ್ರೀಗೆಸ್. ಬದುಕುಳಿದವರಲ್ಲಿ ಕೆಲವರು ಆ ಸದ್ದನ್ನು ಹೆಲಿಕಾಪ್ಟರ್‌ಗಳ ಸದ್ದಿಗೆ ಹೋಲಿಸಿದರು. ಸುಮಾರು 2,000 ಜನ ಹೋದರು. ಇಂಥದೇ ಕೆಸರು ಇತಿಹಾಸಪೂರ್ವದಲ್ಲೊಮ್ಮೆ ಹರಿದು ಹೋದ ಹಾದಿಯಲ್ಲೇ ಆ ಹಳ್ಳಿಗಳಿದ್ದವು ಎಂಬುದನ್ನು ಭೂವಿಜ್ಞಾನಿಗಳು ಆಮೇಲೆ ಗುರುತಿಸಿದರು. ಊರು ಕಟ್ಟುವಾಗ ಅದನ್ನು ಹೇಳುವವರಿರಲಿಲ್ಲ.

ಈ ಸಾವುಗಳನ್ನು ಮೊದಲು ಹೊರಗಿನವರಿಗೆ ಕೂಗಿ ಹೇಳಿದವರು ಪೊಸೊಲ್ಟೆಗಾದ ಮೇಯರ್ ಫೆಲಿಸಿಟಾ ಸೆಲೆದೋನ್. ಸಾವಿರಕ್ಕೂ ಹೆಚ್ಚು ಜನ ಹೂತುಹೋಗಿದ್ದಾರೆ, ಸಹಾಯ ಕಳಿಸಿ ಎಂದರು. ಅಧ್ಯಕ್ಷ ಅರ್ನೋಲ್ದೊ ಆಲೆಮಾನ್ ಆ ಮಾತನ್ನು ಮೊದಲಿಗೆ ನಂಬದೆ ತಳ್ಳಿಹಾಕಿದರು. ಆಕೆ ಎದುರು ಪಕ್ಷದವರು ಎಂಬುದೂ ಅದರಲ್ಲಿ ಸೇರಿದ್ದೀತು. ಆದರೆ ಇಡೀ ಕತೆಯನ್ನು ರಾಜಕೀಯದ ಹಗೆಗೆ ಕಟ್ಟಿ ಕೈತೊಳೆದುಕೊಂಡರೆ ಸುಲಭವಾಯಿತು. ರಾಜಧಾನಿಯಲ್ಲಿ ಕೂತವರ ಕಡೆಯಿಂದ ಒಮ್ಮೆ ನೋಡಿ: ಚಂಡಮಾರುತ ಪಕ್ಕದ ದೇಶದಲ್ಲಿದೆ, ಅದೂ ಬಲ ಕಳೆದುಕೊಂಡಿದೆ, ನಕ್ಷೆಯ ಮೇಲೆ ಅದರ ಗೆರೆ ಎಲ್ಲೋ ಉತ್ತರದಲ್ಲಿದೆ. ಅಂಥ ಹೊತ್ತಿನಲ್ಲಿ ಪಶ್ಚಿಮದ ಮೂಲೆಯೊಂದರಿಂದ ಒಬ್ಬ ಹೆಂಗಸು ಸಾವಿರಾರು ಜನ ಸತ್ತರು ಎನ್ನುತ್ತಾಳೆ. ಅವರ ಅಪನಂಬಿಕೆಗೆ ಲೆಕ್ಕದ ಬೆಂಬಲವಿತ್ತು. ನನಗೆ ಭಯವಾಗುವುದು ಇಲ್ಲಿಯೇ. ಕೇಡು ಬಗೆಯುವ ಮನಸ್ಸಿಗಿಂತ ಇಂಥ ಸಮಾಧಾನದ ಮನಸ್ಸು ಹೆಚ್ಚು ಕಡೆ ಇರುತ್ತದೆ, ನನ್ನಲ್ಲೂ ಇದೆ.

ಸ್ಯಾಫಿರ್-ಸಿಂಪ್ಸನ್ ಎಂಬ ಆ ದರ್ಜೆಯ ಪಟ್ಟಿ ಗಾಳಿಯ ವೇಗವನ್ನಷ್ಟೇ ಹೇಳುತ್ತದೆ. ಎಷ್ಟು ಮಳೆ, ಎಷ್ಟು ಹೊತ್ತು, ಕೆಳಗಿರುವುದು ಬಯಲೋ ಬೆಟ್ಟವೋ, ಒಂದೂ ಅದರೊಳಗಿಲ್ಲ. ಅದು ಪಟ್ಟಿಯ ತಪ್ಪೂ ಅಲ್ಲ; ಗಾಳಿ ಅಳೆಯಲೆಂದು ಮಾಡಿದ್ದು ಗಾಳಿ ಅಳೆಯುತ್ತದೆ. ಬೆಟ್ಟಗಳಲ್ಲಿ ಭಾರೀ ನೆರೆ, ಭೂಕುಸಿತ ಆದೀತೆಂಬ ಎಚ್ಚರಿಕೆ ಆಗಿನ ಮುನ್ಸೂಚನೆಗಳಲ್ಲೂ ಇತ್ತು. ಅದು ಕೆಳಗಿನ ಸಾಲುಗಳಲ್ಲಿ ಉಳಿಯಿತು, ದುರ್ಬಲಗೊಂಡಿದೆ ಎಂಬುದು ತಲೆಬರಹವಾಯಿತು. ದೂರದ ಅಂಕಿಯೂ ಹತ್ತಿರದವರ ಮಾತೂ ಒಂದಕ್ಕೊಂದು ತಾಳೆಯಾಗದಿದ್ದಾಗ ನಾವು ಅಂಕಿಯ ಕಡೆ ವಾಲುತ್ತೇವೆ. ಅದು ಹೆಚ್ಚು ನಿಖರ ಎಂಬುದಕ್ಕಲ್ಲ, ಅದನ್ನು ನಂಬಿದರೆ ನಾವು ಏಳಬೇಕಾಗಿಲ್ಲ ಎಂಬುದಕ್ಕೆ. ಮೇಯರಮ್ಮನ ಮಾತು ನಂಬಿದರೆ ಆ ಕ್ಷಣವೇ ಜನರನ್ನು ಕಳಿಸಬೇಕು, ಹಣ ಕೊಡಬೇಕು, ಇಷ್ಟು ದಿನ ಏನು ಮಾಡುತ್ತಿದ್ದೆವು ಎಂಬ ಪ್ರಶ್ನೆಗೆ ತಲೆಕೊಡಬೇಕು. ಗಾಳಿ ತಗ್ಗಿದೆ ಎಂಬ ಸುದ್ದಿ ಕೇಳುವವನಿಗೆ ರಜೆ ಕೊಡುತ್ತದೆ.

ಗಾಳಿ ತಗ್ಗಿತೆಂಬ ಈ ಸಮಾಧಾನ ಬಡ ದೇಶಗಳದ್ದು ಮಾತ್ರ ಎಂದುಕೊಳ್ಳಬೇಡಿ. 1969ರ ಆಗಸ್ಟಿನಲ್ಲಿ ಕಮೀಲ್ ಚಂಡಮಾರುತ ಅಮೆರಿಕದ ಮಿಸಿಸಿಪಿ ತೀರವನ್ನು ಹೊಡೆದು, ಬಲವಿಲ್ಲದ ವಾಯುಭಾರ ಕುಸಿತವಾಗಿ ಬೆಟ್ಟಗಳ ಕಡೆ ಹೋಯಿತು. ವರ್ಜೀನಿಯಾದ ನೆಲ್ಸನ್ ಕೌಂಟಿಯಲ್ಲಿ ಒಂದೇ ರಾತ್ರಿ 600 ಮಿಲಿಮೀಟರಿಗೂ ಹೆಚ್ಚು ಸುರಿದು ನೂರಕ್ಕೂ ಮಿಕ್ಕಿ ಜನ ಮಲಗಿದ್ದಲ್ಲೇ, ಓಡುತ್ತಲೇ ಸತ್ತರು. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ನಾರ್ತ್ ಕೆರೊಲಿನಾದ ಆಶ್‌ವಿಲ್ ಊರನ್ನು ಮುಳುಗಿಸಿತು. ಅದು ನಿಧಾನದ ಬಿರುಗಾಳಿಯಲ್ಲ, ಆದರೆ ಅದಕ್ಕೂ ಮುಂಚೆ ಸುರಿದ ಮಳೆಗೇ ಬೆಟ್ಟಗಳು ನೆನೆದು ತುಂಬಿದ್ದವು. ಕಡಲಿಂದ ದೂರದ ಆ ಊರನ್ನು ಹವಾಮಾನ ಬದಲಾವಣೆಯಿಂದ ತಪ್ಪಿಸಿಕೊಳ್ಳಲು ತಕ್ಕ ಜಾಗವೆಂದು ಹೊಗಳುತ್ತಿದ್ದರು. ಅಮೆರಿಕ ಸರಕಾರ ತನ್ನ ಹವಾಮಾನ ದಾಖಲೆಗಳನ್ನೆಲ್ಲ ಕಾಪಾಡಿಡುವ ಕೇಂದ್ರವೂ ಅದೇ ಊರಿನಲ್ಲಿದೆ.

ಮಿಚ್‌ನ ಕತೆಗಳಲ್ಲಿ ನಮ್ಮ ದೇಶಕ್ಕೂ ಬಂದು ತಲುಪಿದ್ದು ಒಂದೇ: ಚೊಲುಟೆಕಾದ ಸೇತುವೆ. ಜಪಾನಿನವರು ಕಟ್ಟಿದ ಹೊಸ ಸೇತುವೆ ಅಲುಗಾಡದೆ ನಿಂತಿತು, ಹೊಳೆಯೇ ಪಾತ್ರ ಬದಲಿಸಿ ಪಕ್ಕದಲ್ಲಿ ಹರಿಯತೊಡಗಿತು, ಎರಡೂ ತುದಿಯ ರಸ್ತೆಗಳು ಕೊಚ್ಚಿಹೋದವು. ಮ್ಯಾನೇಜ್‌ಮೆಂಟ್ ಭಾಷಣಗಳಲ್ಲಿ, ವಾಟ್ಸಾಪ್ ಸಂದೇಶಗಳಲ್ಲಿ ಈ ಸೇತುವೆ 'ಬದಲಾವಣೆಗೆ ಹೊಂದಿಕೊಳ್ಳಿ' ಎಂಬ ಪಾಠವಾಗಿ ಸುತ್ತುತ್ತಿದೆ. ಅದನ್ನು ಓದಿದಾಗಲೆಲ್ಲ ನನಗೆ ಕಸಿವಿಸಿ. ಸೇತುವೆಯ ಕೆಳಗೆ ಹರಿದುಹೋದ ಜನರನ್ನು ಬಿಟ್ಟು ಸೇತುವೆಯಿಂದ ಮಾತ್ರ ನೀತಿ ಹಿಂಡಿಕೊಳ್ಳುವುದಕ್ಕೆ ಎಂಥ ಮನಸ್ಸು ಬೇಕು! ಹೊಳೆಯ ಹೊಸ ಪಾತ್ರಕ್ಕೆ ಹೊಂದಿಕೊಳ್ಳುವ ಮಾತು ಗುಡ್ಡದ ಇಳಿಜಾರಿನಲ್ಲಿ ಮನೆ ಕಟ್ಟಿಕೊಂಡವನಿಗೆ ಹೇಳುವಂಥದ್ದಲ್ಲ. ಅವನು ಹೊಂದಿಕೊಂಡೇ ಅಲ್ಲಿಗೆ ಹೋದವನು.

ಯಾಕೆಂದರೆ ಮಧ್ಯ ಅಮೆರಿಕದ ಫಲವತ್ತಾದ ತಗ್ಗುನೆಲ ಹೆಚ್ಚಿನ ಕಡೆ ಬಾಳೆಯ ಕಂಪನಿಗಳದ್ದು, ಕಬ್ಬಿನದ್ದು, ದನದ ದೊಡ್ಡಿಗಳದ್ದು, ಒಂದು ಕಾಲಕ್ಕೆ ಹತ್ತಿಯದ್ದು. ಮೆಕ್ಕೆಜೋಳ, ಹುರುಳಿಕಾಯಿ ಬೆಳೆದುಕೊಳ್ಳುವ ಸಣ್ಣ ರೈತನಿಗೆ ಉಳಿದದ್ದು ಕಡಿದಾದ ಇಳಿಜಾರು. ಅಲ್ಲಿನ ಮರ ಕಡಿದದ್ದು ಅವನೇ ಹೌದು. ಅವನನ್ನು ಅಲ್ಲಿಗೆ ಹತ್ತಿಸಿದವರ ಕೈಯಲ್ಲಿ ಕೊಡಲಿ ಕಾಣುವುದಿಲ್ಲ. ಹೊಂಡುರಾಸಿನ ಆಗಿನ ಅಧ್ಯಕ್ಷ ಕಾರ್ಲೋಸ್ ಫ್ಲೋರೆಸ್, 50 ವರ್ಷದ ಪ್ರಗತಿ 72 ಗಂಟೆಯಲ್ಲಿ ಹೋಯಿತೆಂದು ದುಃಖಪಟ್ಟರು. ದುಃಖ ನಿಜವಾದದ್ದೇ. ಆದರೂ ಆ 50 ವರ್ಷಗಳಲ್ಲೇ ಗುಡ್ಡಗಳು ಬೋಳಾಗುತ್ತ ಬಂದಿದ್ದವು, ಬೆಟ್ಟದ ಮಗ್ಗುಲಿನ ಬಡಾವಣೆಗಳು ಒತ್ತೊತ್ತಾಗುತ್ತ ಬಂದಿದ್ದವು. ಕಟ್ಟಿದ್ದೂ ಸಡಿಲಿಸಿದ್ದೂ ಒಂದೇ ಲೆಕ್ಕದ ಪುಸ್ತಕದಲ್ಲಿರಬೇಕಿತ್ತು.

ಮಳೆ ನಿಂತ ಮೇಲೆ ಆ ಇಳಿಜಾರಿನ ರೈತರೇ ಒಂದು ಕೆಲಸ ಮಾಡಿದರು. ರೈತನಿಂದ ರೈತನಿಗೆ ಎಂಬ ಚಳವಳಿಯವರು ಹೊಂಡುರಾಸ್, ನಿಕರಾಗುವಾ, ಗ್ವಾಟೆಮಾಲಾಗಳಲ್ಲಿ ಸಾವಿರಕ್ಕೂ ಹೆಚ್ಚು ಹೊಲಗಳನ್ನು ಜೋಡಿ ಜೋಡಿಯಾಗಿ ಹೋಲಿಸಿದರು. ಒಂದು, ಬದು ಹಾಕಿ, ಕಲ್ಲು ಕಟ್ಟಿ, ಹೊದಿಕೆ ಬೆಳೆ ಬೆಳೆದ ಹೊಲ. ಇನ್ನೊಂದು, ಪಕ್ಕದ ಮಾಮೂಲಿ ಹೊಲ. ಗುಂಡಿ ತೋಡಿ ಮೇಲ್ಮಣ್ಣಿನ ಆಳ ನೋಡಿದರು, ಕೊರಕಲುಗಳನ್ನು ಅಳೆದರು. ಬದು ಹಾಕಿದ ಹೊಲಗಳಲ್ಲಿ ಮಣ್ಣು ಹೆಚ್ಚು ಉಳಿದಿತ್ತು, ಹಸಿಯೂ ಹೆಚ್ಚು ನಿಂತಿತ್ತು. ತೀರಾ ಕಡಿದಾದ, ತೀರಾ ಮಳೆ ಬಿದ್ದ ಕಡೆಗಳಲ್ಲಿ ಆ ವ್ಯತ್ಯಾಸ ಸಣ್ಣದಾಗುತ್ತ ಹೋಯಿತು ಎಂಬುದನ್ನೂ ಮುಚ್ಚಿಡದೆ ಬರೆದುಕೊಂಡರು. ಇನ್ನೂ ಒಂದು ಕಂಡುಬಂತು: ತನ್ನ ಹೊಲಕ್ಕೆ ಬೇಕಾದ್ದನ್ನೆಲ್ಲ ಮಾಡಿಕೊಂಡವನ ಬದುಗಳೂ ಕೆಲವು ಕಡೆ ಒಡೆದಿದ್ದವು. ಒಡೆದದ್ದು ಅವನ ಹೊಲದಲ್ಲಿ ಬಿದ್ದ ಮಳೆಯಿಂದಲ್ಲ, ಮೇಲಿನ ಇಳಿಜಾರಿನಿಂದ, ಯಾರೂ ನೋಡಿಕೊಳ್ಳದ ನೆಲದಿಂದ, ಇಳಿದು ಬಂದ ನೀರು ಮತ್ತು ಮಣ್ಣಿನಿಂದ.